ಹೊಸ ಪ್ರಭೇದ ಸಿಕ್ಕಿತು ಅನ್ನಿಸಿದರೆ: ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯವರಿಗೊಂದು ಮಾರ್ಗದರ್ಶಿ

ಆನೆಗೊಂದಿಯ ಬಂಡೆ ಸಂದಿಯಲ್ಲೊಂದು ಹಲ್ಲಿ, ಸಂಡೂರಿನ ಕೆಂಪು ಗುಡ್ಡದಲ್ಲೊಂದು ಗೆಡ್ಡೆ ಗಿಡ, ಲಿಂಗಸುಗೂರಿನ ಎರೆ ಹೊಲದ ಬದುವಿನಲ್ಲೊಂದು ಚೇಳು. ಕೈಪಿಡಿ ತೆಗೆದು ನೋಡಿದರೆ ಯಾವುದಕ್ಕೂ ತಾಳೆಯಾಗುವುದಿಲ್ಲ. ಫೋಟೊ ಹಂಚಿಕೊಂಡ ಕೂಡಲೇ ನಾಲ್ಕು ಜನ ‘ಹೊಸ ಪ್ರಭೇದ ಇರಬಹುದು’ ಅನ್ನುತ್ತಾರೆ. ಇರಲೂಬಹುದು. ಆದರೆ ಹೆಚ್ಚಿನ ಸಲ ಅದು ಶತಮಾನದ ಹಿಂದೆಯೇ ಯಾರೋ ಹೆಸರಿಟ್ಟು ಹೋದ ಜೀವಿಯಾಗಿರುತ್ತದೆ. ಇಲ್ಲವೇ ಗೊತ್ತಿರುವ ಪ್ರಭೇದದ ಮರಿಯೋ, ಹೆಣ್ಣೋ, ಬಾಲ ಉದುರಿ ಮತ್ತೆ ಬೆಳೆದದ್ದೋ, ನೀರಿಲ್ಲದೆ ಸೊರಗಿ ಎಲೆ ಚಿಕ್ಕದಾದ ಗಿಡವೋ ಆಗಿರುತ್ತದೆ.

ಹೊಸ ಪ್ರಭೇದವನ್ನು ವಿವರಿಸುವುದೆಂದರೆ, ಅದು ಹಳೆಯ ಯಾವುದೂ ಅಲ್ಲ ಎಂದು ಒಂದೊಂದನ್ನೇ ಎದುರಿಟ್ಟು ತೋರಿಸುವುದು. ಕೆಲಸದ ಮುಕ್ಕಾಲು ಪಾಲು ಇದೇ. ಹೆಸರಿಡುವುದು ಕೊನೆಗೆ ಬರುವ ಸುಲಭದ ಭಾಗ. ಮುಂದಿನ ಹಂತಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಎಲ್ಲಿ, ಯಾವಾಗ ಹುಡುಕಬೇಕು

ಹಕ್ಕಿ, ಕರಡಿ, ತೋಳಗಳಲ್ಲಿ ಹೊಸದನ್ನು ಹುಡುಕುತ್ತ ಕೂತರೆ ಕಾಲ ವ್ಯರ್ಥ. ಈ ಸೀಮೆಯಲ್ಲಿ ಹೊಸದು ಸಿಗುವ ಸಂಭವವಿರುವುದು ಹಲ್ಲಿ, ಚೇಳು, ಜೇಡ, ಇರುವೆ, ಗೆದ್ದಲು, ನೆಲದ ಬಸವನಹುಳು, ಹುಲ್ಲು ಮತ್ತು ಮಳೆ ಬಂದಾಗಷ್ಟೇ ಗೆಡ್ಡೆಯಿಂದ ಮೇಲೆದ್ದು ಬರುವ ಸಣ್ಣ ಗಿಡಗಳಲ್ಲಿ. ಕಾರಣ ನೆಲದಲ್ಲೇ ಇದೆ. ಗಂಗಾವತಿ, ಕನಕಗಿರಿ, ಮಸ್ಕಿ, ಮುದಗಲ್ ಸುತ್ತಿನ ಬಂಡೆಗುಡ್ಡಗಳು ಬಯಲಿನ ನಡುವೆ ದ್ವೀಪಗಳ ಹಾಗೆ ನಿಂತಿವೆ. ಬಂಡೆ ಬಿಟ್ಟಿಳಿಯದ ಹಲ್ಲಿಗೆ ನಡುವಿನ ಹತ್ತಿ ಹೊಲ, ಭತ್ತದ ಗದ್ದೆ ದಾಟಲಾಗದ ಗಡಿ. ಹಾಗೆ ಬೇರೆಯಾಗಿ ಉಳಿದವು ದೀರ್ಘಕಾಲದಲ್ಲಿ ಬೇರೆ ಪ್ರಭೇದಗಳೇ ಆಗಬಹುದು. ಸಂಡೂರಿನ ಗುಡ್ಡಗಳ ಲೆಕ್ಕ ಬೇರೆ: ಅಲ್ಲಿರುವುದು ಕಬ್ಬಿಣದ ಅದಿರಿನ ಕಲ್ಲು, ಅದರ ಮಣ್ಣು, ಮತ್ತು ಕೆಳಗಿನ ಬಯಲಿಗಿಂತ ತಂಪಾದ ಗುಡ್ಡದ ನೆತ್ತಿ.

ಬಂಡೆ ಹಲ್ಲಿಯ ಒಂದು ಉದಾಹರಣೆ ಸಾಕು. ಹೆಮಿಡ್ಯಾಕ್ಟಿಲಸ್ ಗ್ರಾನಿಟಿಕೋಲಸ್ ಎಂಬ ದೊಡ್ಡ ಹಲ್ಲಿಗೆ ಹೆಸರು ಸಿಕ್ಕಿದ್ದು 2011ರಲ್ಲಿ. ಅದಕ್ಕೂ ಮೊದಲು ಅದನ್ನು ಹೆಮಿಡ್ಯಾಕ್ಟಿಲಸ್ ಮ್ಯಾಕ್ಯುಲೇಟಸ್ ಜೊತೆಗೇ ಸೇರಿಸಿ ನೋಡಲಾಗುತ್ತಿತ್ತು. ಅಷ್ಟು ದೊಡ್ಡ ಹಲ್ಲಿ ಎಲ್ಲರ ಕಣ್ಣೆದುರೇ ಇತ್ತು. ತಾಳೆ ಹಾಕಿ ನೋಡುವ ಕೆಲಸವಷ್ಟೇ ಬಾಕಿ ಇತ್ತು.

ಬಂಡೆ ಹಲ್ಲಿಗಳನ್ನು ರಾತ್ರಿ ಏಳರಿಂದ ಹನ್ನೊಂದರೊಳಗೆ ತಲೆದೀಪ ಕಟ್ಟಿಕೊಂಡು ನೋಡಬೇಕು. ಎರೆ ನೆಲದ ಗಂಡು ಓತಿ ಗಂಟಲ ಬೀಸಣಿಗೆ ಬಿಚ್ಚಿ ತೋರಿಸುವುದು ಬೇಸಿಗೆಯ ಕೊನೆಯಿಂದ ಮುಂಗಾರು ಹಿಡಿಯುವವರೆಗೆ. ಆ ಬೀಸಣಿಗೆಯ ಬಣ್ಣ ಮತ್ತು ಉದ್ದ ಗುರುತಿಸಲು ಬೇಕೇ ಬೇಕು. ಸೆರೋಪೀಜಿಯ, ಬ್ರಾಕಿಸ್ಟೆಲ್ಮ ಜಾತಿಯ ಹಲವು ಗೆಡ್ಡೆ ಗಿಡಗಳು ಮೊದಲ ಮಳೆಯ ಕೆಲವೇ ವಾರಗಳಲ್ಲಿ ಹೂ ಬಿಟ್ಟು ಮುಗಿಸುತ್ತವೆ. ಹುಲ್ಲುಗಳಿಗೆ ಸೆಪ್ಟೆಂಬರ್‌ನಿಂದ ನವೆಂಬರ್ ಸಕಾಲ. ಗಂಡು, ಹೆಣ್ಣು, ಮರಿ, ಅಥವಾ ಹೂ ಮತ್ತು ಕಾಯಿ ಎಲ್ಲವೂ ಬೇಕಾದ್ದರಿಂದ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುವುದಿಲ್ಲ. ಒಂದು ಪೂರ್ತಿ ವರ್ಷದ ಲೆಕ್ಕ ಇಟ್ಟುಕೊಳ್ಳಿ.

ಕೈ ಹಾಕುವ ಮೊದಲು ಅನುಮತಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಪಟ್ಟಿಯಲ್ಲಿರುವ ಪ್ರಾಣಿಯನ್ನು ಸಂಶೋಧನೆಗಾಗಿ ಹಿಡಿಯಲು 12ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ದರೋಜಿ ಕರಡಿಧಾಮದಂಥ ಅಭಯಾರಣ್ಯದೊಳಗೆ ಕಾಲಿಡುವುದಕ್ಕೇ 28ನೇ ಕಲಮಿನಡಿ ಬೇರೆ ಅನುಮತಿ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳು ನಾಲ್ಕಕ್ಕೆ ಇಳಿದಿವೆ, ಎಷ್ಟೋ ಪ್ರಾಣಿಗಳ ಸ್ಥಾನ ಬದಲಾಗಿದೆ. ಹಳೆಯ ಪಟ್ಟಿ ನೋಡಿಕೊಂಡು ‘ಇದು ಅನುಸೂಚಿಯಲ್ಲಿಲ್ಲ’ ಎಂದು ತೀರ್ಮಾನಿಸಬೇಡಿ. ಅಭಯಾರಣ್ಯವಲ್ಲದ ಕಾಯ್ದಿಟ್ಟ ಅರಣ್ಯಕ್ಕೂ ವಿಭಾಗದ ಅರಣ್ಯಾಧಿಕಾರಿಯ ಒಪ್ಪಿಗೆ ಬೇಕು. ಹೊಲವಾದರೆ ಹೊಲದವರ ಒಪ್ಪಿಗೆ. ಗಣಿ ಗುತ್ತಿಗೆಯ ಜಾಗವಾದರೆ ಗುತ್ತಿಗೆದಾರರದ್ದು, ಜೊತೆಗೆ ಅವರ ಸುರಕ್ಷತಾ ನಿಯಮ. ಹಂಪಿ, ಆನೆಗೊಂದಿ, ಮಸ್ಕಿಯಂಥ ಕಡೆ ಬಂಡೆಯೇ ಸಂರಕ್ಷಿತ ಸ್ಮಾರಕದ ಭಾಗವಾಗಿರಬಹುದು. ಕಲ್ಲು ಮಗುಚುವ ಮೊದಲು ವಿಚಾರಿಸಿ.

ಇಷ್ಟೆಲ್ಲ ಒಬ್ಬಂಟಿಯಾಗಿ ಆಗುವುದಿಲ್ಲ. ಅರ್ಜಿಗೆ ಸಂಸ್ಥೆಯ ಬೆಂಬಲ ಬೇಕಾಗುತ್ತದೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರದವರು, ಕೀಟವಾದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು, ಅಥವಾ ಆ ಗುಂಪಿನಲ್ಲೇ ಕೆಲಸ ಮಾಡುವ ವರ್ಗೀಕರಣಕಾರರೊಬ್ಬರನ್ನು ಮೊದಲೇ ಜೊತೆಗೆ ಸೇರಿಸಿಕೊಳ್ಳಿ. ಒಳ್ಳೆಯ ಪತ್ರಿಕೆಗಳು ಅನುಮತಿಯ ಸಂಖ್ಯೆ ಕೇಳುತ್ತವೆ. ಸಂಖ್ಯೆ ಇಲ್ಲದ ಲೇಖನ ಅಲ್ಲೇ ನಿಲ್ಲುತ್ತದೆ.

ಎಷ್ಟು ಮಾದರಿ ಬೇಕು

ಒಂದೇ ಒಂದು ಹಲ್ಲಿ ಹಿಡಿದು ಹೊಸ ಪ್ರಭೇದ ಎನ್ನಬಹುದೇ? ನಿಯಮ ಬೇಡ ಎನ್ನುವುದಿಲ್ಲ. ಆದರೆ ಒಂದರಿಂದ ವ್ಯತ್ಯಾಸದ ಹರವು ತಿಳಿಯುವುದಿಲ್ಲ. ಸಾಧ್ಯವಾದರೆ ಬೆಳೆದ ಗಂಡು ಮೂರರಿಂದ ಐದು, ಹೆಣ್ಣು ಅಷ್ಟೇ. ಹೆಮಿಡ್ಯಾಕ್ಟಿಲಸ್‌ನಂಥ ಹಲ್ಲಿಗಳಲ್ಲಿ ತೊಡೆಯ ರಂಧ್ರಗಳು ಎದ್ದು ಕಾಣುವುದು ಗಂಡಿನಲ್ಲೇ, ಆದ್ದರಿಂದ ಗಂಡಿಲ್ಲದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ. ಜೇಡಗಳಲ್ಲಿ ಗುರುತು ನಿಲ್ಲುವುದೇ ಹೆಣ್ಣಿನ ಜನನಾಂಗದ ಫಲಕ ಮತ್ತು ಗಂಡಿನ ಪಾಲ್ಪ್ (ಬಾಯಿ ಪಕ್ಕದ ಸಣ್ಣ ಕಾಲಿನಂಥ ಅಂಗ) ಮೇಲೆ. ಮರಿ ಜೇಡ ಎಷ್ಟು ಸಿಕ್ಕರೂ ಉಪಯೋಗವಿಲ್ಲ.

ಗಿಡಗಳಿಗೆ ಇಪ್ಪತ್ತರಲ್ಲಿ ಒಂದು ಎಂಬ ಹಳೆಯ ಅಳತೆ ಒಳ್ಳೆಯದು: ಇಪ್ಪತ್ತು ಗಿಡ ಕಂಡರೆ ಒಂದನ್ನು ಕೀಳಬಹುದು. ಅದಕ್ಕಿಂತ ಕಡಿಮೆ ಇದ್ದರೆ ಗೆಡ್ಡೆ ಮುಟ್ಟದೆ ಹೂವಿರುವ ಒಂದು ಕೊಂಬೆ, ಉಳಿದದ್ದಕ್ಕೆ ಫೋಟೊ. ಗಿಡ ಸಾಕಷ್ಟಿದ್ದರೆ ಒಂದೇ ಜಾಗದಲ್ಲಿ ಒಂದೇ ದಿನ ಐದಾರು ಹಾಳೆಗಾಗುವಷ್ಟು ತೆಗೆಯಿರಿ. ಒಂದು ಹಾಳೆ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಮಾದರಿ ಆಗುತ್ತದೆ, ಅದರ ಜೋಡಿಯಾದ ಉಳಿದವು ಐಸೋಟೈಪ್‌ಗಳಾಗಿ ಬೇರೆ ಬೇರೆ ಹರ್ಬೇರಿಯಂಗಳಿಗೆ (ಒಣಗಿಸಿದ ಗಿಡಗಳ ಸಂಗ್ರಹಗಳಿಗೆ) ಹೋಗುತ್ತವೆ. ಒಂದು ಕಡೆ ಹುಳ ಹಿಡಿದರೂ ಇನ್ನೊಂದು ಕಡೆ ಉಳಿಯುತ್ತದೆ.

ಫೋಟೊಗ್ರಾಫರುಗಳು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ: ಫೋಟೊ ಒಂದೇ ಸಾಲದು. ಹೂ ಬಿಡುವ ಗಿಡಗಳಲ್ಲಿ 2007ರಿಂದ ಈಚೆಗೆ ಚಿತ್ರವನ್ನೋ ಫೋಟೊವನ್ನೋ ಹೋಲೋಟೈಪ್ ಮಾಡುವಂತಿಲ್ಲ. ಪ್ರಾಣಿಗಳಿಗೆ ಹೆಸರಿಡುವ ನಿಯಮಗಳ ಸಂಹಿತೆ ಅದನ್ನು ಪೂರ್ತಿ ನಿಷೇಧಿಸಿಲ್ಲ, ಆದರೆ ತೀರ ಅನಿವಾರ್ಯವಾದ ಸಂದರ್ಭ ಬಿಟ್ಟರೆ ಬೇಡ ಎನ್ನುತ್ತದೆ.

ಚೀಟಿ

ಮಾದರಿಗೆ ಕಟ್ಟುವ ಚೀಟಿಯನ್ನು ಎಲ್ಲರೂ ಕೊನೆಗೆ ಬರೆಯುತ್ತಾರೆ. ಅದನ್ನು ಮೊದಲು ಬರೆಯಬೇಕು. ಸ್ಥಳದಲ್ಲೇ ಬರೆಯದ ಚೀಟಿ ನಂಬಲರ್ಹವಲ್ಲ. ಹೀಗಿರಲಿ:

ಭಾರತ: ಕರ್ನಾಟಕ: ಕೊಪ್ಪಳ ಜಿಲ್ಲೆ: ಗಂಗಾವತಿ ತಾಲ್ಲೂಕು: ಆನೆಗೊಂದಿ ಗ್ರಾಮದ ಉತ್ತರದ ಗುಡ್ಡ
15.36120° ಉ., 76.49230° ಪೂ., ಡಬ್ಲ್ಯೂಜಿಎಸ್ 84, ± 8 ಮೀ.; ಎತ್ತರ 430 ಮೀ.
12 ಜುಲೈ 2025, ರಾತ್ರಿ 8.40, ಬಂಡೆ ಸಂದಿ, ನೆಲದಿಂದ 1.5 ಮೀ.
ಸಂಗ್ರಹಿಸಿದವರ ಹೆಸರು, ಕ್ಷೇತ್ರ ಸಂಖ್ಯೆ

ಡಬ್ಲ್ಯೂಜಿಎಸ್ 84 ಎಂದರೆ ಜಿಪಿಎಸ್ ಬಳಸುವ ಅಕ್ಷಾಂಶ ರೇಖಾಂಶ ಪದ್ಧತಿ, ಕ್ಷೇತ್ರ ಸಂಖ್ಯೆ ಎಂದರೆ ಮಾದರಿಗೆ ಸ್ಥಳದಲ್ಲೇ ಕೊಟ್ಟ ಕ್ರಮಸಂಖ್ಯೆ. ದಶಮಾಂಶದ ಐದನೇ ಅಂಕಿ ನೆಲದ ಮೇಲೆ ಸುಮಾರು ಒಂದು ಮೀಟರ್. ಎರಡೇ ಅಂಕಿ ಬರೆದರೆ ಒಂದು ಕಿಲೋಮೀಟರಿನಷ್ಟು ಹರವು ಉಳಿದುಬಿಡುತ್ತದೆ, ಗುಡ್ಡದ ಬದಲು ಪಕ್ಕದ ಗದ್ದೆಗೆ ಬಿಂದು ಬೀಳುತ್ತದೆ. ಮೊಬೈಲ್ ತೋರಿಸುವ ತಪ್ಪಿನ ಅಂದಾಜನ್ನೂ ಬರೆಯಿರಿ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ: 5/6 ಎಂದರೆ ಒಬ್ಬರಿಗೆ ಜೂನ್ ಐದು, ಇನ್ನೊಬ್ಬರಿಗೆ ಮೇ ಆರು. ಊರಿನ ಹೆಸರು ಮಾತ್ರ ಸಾಲದು. ಬಸಾಪುರ, ಹೊಸೂರು, ಹನುಮನಹಳ್ಳಿ ಯಾವ ತಾಲ್ಲೂಕಿನಲ್ಲಿಲ್ಲ?

ಬರೆಯಲು ಪೆನ್ಸಿಲ್, ಇಲ್ಲವೇ ನೀರಿಗೂ ಮದ್ಯಸಾರಕ್ಕೂ ಕರಗದ ಪಿಗ್ಮೆಂಟ್ ಶಾಯಿ. ಬಾಲ್‌ಪೆನ್, ಜೆಲ್‌ಪೆನ್ ಬರಹ ಎಥನಾಲ್‌ನಲ್ಲಿ ಕರಗಿ ಶೀಶೆಯೇ ನೀಲಿಯಾಗುತ್ತದೆ. ಲೇಸರ್ ಪ್ರಿಂಟಿನ ಅಕ್ಷರಗಳು ಕಾಲಕ್ರಮೇಣ ಪುಡಿಪುಡಿಯಾಗಿ ಕಳಚುತ್ತವೆ. ಚೀಟಿ ಶೀಶೆಯ ಒಳಗೆ ಇರಲಿ. ಹೊರಗೆ ಅಂಟಿಸಿದ್ದು ಉದುರಿಹೋಗುತ್ತದೆ. ಪ್ರಾಣಿಯ ಕಾಲಿಗೂ ದಾರದಿಂದ ಕ್ಷೇತ್ರ ಸಂಖ್ಯೆ ಕಟ್ಟಿ. ವಸ್ತುಸಂಗ್ರಹಾಲಯಕ್ಕೆ ಹೋಗುವ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಯುವುದೇ ರೂಢಿ, ಸ್ಥಳೀಯರು ಗುಡ್ಡಕ್ಕೆ, ಹಳ್ಳಕ್ಕೆ ಇಟ್ಟ ಹೆಸರನ್ನು ಕನ್ನಡದಲ್ಲೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕೆಡದಂತೆ ಇಡುವುದು

ಹಲ್ಲಿ, ಓತಿಗಳನ್ನು ಸಂಸ್ಥೆಯ ನೈತಿಕ ಸಮಿತಿ ಒಪ್ಪಿದ ವಿಧಾನದಲ್ಲೇ ಕೊಲ್ಲಬೇಕು. ಅದಕ್ಕೂ ಮೊದಲು ಜೀವಂತ ಇರುವಾಗಿನ ಫೋಟೊ: ಬೆನ್ನು, ಹೊಟ್ಟೆ, ಎರಡೂ ಪಕ್ಕ, ತಲೆಯ ಮೇಲ್ಭಾಗ, ಅಂಗಾಲು, ಪಕ್ಕದಲ್ಲೊಂದು ಅಳತೆಪಟ್ಟಿ. ಮದ್ಯಸಾರದಲ್ಲಿ ಬಣ್ಣ ಉಳಿಯುವುದಿಲ್ಲ. ಕೆಂಪು, ಹಳದಿ ಮೊದಲು ಹೋಗುತ್ತವೆ.

ಸತ್ತ ತಕ್ಷಣ, ಫಾರ್ಮಲಿನ್ (ಮೈ ಕೊಳೆಯದಂತೆ ಗಟ್ಟಿಮಾಡುವ ದ್ರಾವಣ) ಮುಟ್ಟಿಸುವ ಮೊದಲು, ಅಕ್ಕಿಕಾಳಿನಷ್ಟು ಯಕೃತ್ತು ಅಥವಾ ತೊಡೆ ಮಾಂಸ ತೆಗೆದು 95ರಿಂದ 100 ಶೇಕಡಾ ಎಥನಾಲ್‌ಗೆ ಹಾಕಿ. ಕ್ರಮ ತಪ್ಪಿದರೆ ಸರಿಪಡಿಸುವುದು ಕಷ್ಟ, ಫಾರ್ಮಲಿನ್ ಕುಡಿದ ಮಾಂಸದಿಂದ ಡಿಎನ್‌ಎ ತೆಗೆಯುವುದು ದುಸ್ಸಾಹಸ. ಮಾಂಸದ ಹತ್ತು ಪಟ್ಟು ಎಥನಾಲ್ ಇರಲಿ. ಮಾಂಸದ ನೀರು ಸೇರಿ ಎಥನಾಲ್ ತೆಳುವಾಗುತ್ತದೆ, ಹಾಗಾಗಿ ಒಂದು ದಿನದ ನಂತರ ಬದಲಿಸಿ. ಊರಿಗೆ ಬಂದ ಮೇಲೆ ಮೈನಸ್ 20 ಡಿಗ್ರಿ ಫ್ರೀಜರ್. ಔಷಧಿ ಅಂಗಡಿಯ ಸ್ಪಿರಿಟ್, ಸ್ಯಾನಿಟೈಸರ್ ಇದಕ್ಕೆ ಆಗದು. ಶುದ್ಧ ಎಥನಾಲ್‌ಗೆ ಅಬಕಾರಿ ನಿಯಮ ಇರುವುದರಿಂದ ಸಂಸ್ಥೆಯ ಮೂಲಕ ಪಡೆಯುವುದೇ ದಾರಿ.

ಮಾರುಕಟ್ಟೆಯ ಫಾರ್ಮಲಿನ್ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿ. ತಟ್ಟೆಯಲ್ಲಿ ಅದರಲ್ಲೇ ನೆನೆಸಿದ ಬಟ್ಟೆ ಹಾಸಿ ಹಲ್ಲಿಯನ್ನು ನೇರವಾಗಿ ಮಲಗಿಸಿ, ಬೆರಳು ಬಿಡಿಸಿಟ್ಟು, ಹೊಟ್ಟೆಗೆ, ದಪ್ಪ ತೊಡೆಗೆ ಸಣ್ಣ ಸೂಜಿಯಿಂದ ಚುಚ್ಚಿ. ಕೆಲವು ಗಂಟೆಯಲ್ಲಿ ಆ ಭಂಗಿಯಲ್ಲೇ ಸೆಟೆಯುತ್ತದೆ. ಮುದುಡಿ ಸೆಟೆದ ಹಲ್ಲಿಯ ಬೆರಳಿನಡಿಯ ಪಟ್ಟಿ ಎಣಿಸುವ ಕಷ್ಟ ಒಮ್ಮೆ ಅನುಭವಿಸಿದವರು ಈ ಹಂತದಲ್ಲಿ ಅವಸರ ಮಾಡುವುದಿಲ್ಲ. ಸಣ್ಣ ಹಲ್ಲಿಗೆ ಫಾರ್ಮಲಿನ್‌ನಲ್ಲಿ ಎರಡು ದಿನ ಸಾಕು. ನಂತರ ಒಂದು ದಿನ ನೀರಿನಲ್ಲಿ ತೊಳೆದು, 30, 50, ಕೊನೆಗೆ 70 ಶೇಕಡಾ ಎಥನಾಲ್. ನೇರವಾಗಿ 70ಕ್ಕೆ ಹಾಕಿದರೆ ಚರ್ಮ ಸುಕ್ಕುಗಟ್ಟುತ್ತದೆ. ತುಂಗಭದ್ರೆಯ ಮೀನಿಗೂ ಇದೇ ಕ್ರಮ, ಡಿಎನ್‌ಎಗೆ ಬಲಗಡೆಯ ರೆಕ್ಕೆಯ ತುಣುಕು. ಎಡಗಡೆ ಅಳತೆಗೆ, ಫೋಟೊಗೆ ಉಳಿಯಲಿ. ಜೇಡ, ಚೇಳು, ಇರುವೆಗಳಿಗೆ ಫಾರ್ಮಲಿನ್ ಬೇಡ, ಎಥನಾಲ್ ಸಾಕು. ಫಾರ್ಮಲಿನ್ ಹಬೆ ಕಣ್ಣಿಗೆ, ಉಸಿರಿಗೆ ಕೆಟ್ಟದ್ದು. ಕೈಗವಸು ಹಾಕಿ, ಬಯಲಲ್ಲಿ ಬೆರೆಸಿ.

ಏಪ್ರಿಲ್, ಮೇ ತಿಂಗಳ ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಎಥನಾಲ್ ಬೇಗ ಆವಿಯಾಗುತ್ತದೆ, ಸಡಿಲ ಮುಚ್ಚಳದ ಶೀಶೆ ಒಣಗಿಹೋಗುತ್ತದೆ, ಮೇಲಾಗಿ ಬೆಂಕಿಯ ಅಪಾಯ. ಮುಚ್ಚಳಕ್ಕೆ ಪ್ಯಾರಾಫಿಲ್ಮ್ (ಹಿಗ್ಗುವ ಮೇಣದ ಹಾಳೆ) ಸುತ್ತಿ ಐಸ್ ಪೆಟ್ಟಿಗೆಯಲ್ಲಿಡಿ.

ಗಿಡಗಳನ್ನು ಕಿತ್ತ ದಿನವೇ ಪತ್ರಿಕೆ ಹಾಳೆಗಳ ನಡುವೆ ಒತ್ತಬೇಕು. ಹರ್ಬೇರಿಯಂ ಹಾಳೆ ಸುಮಾರು 42 × 28 ಸೆಂ.ಮೀ. ಅದರಲ್ಲಿ ಹಿಡಿಸುವಂತೆ ಮಡಿಸಿ, ಒಂದೆರಡು ಎಲೆ ಮಗುಚಿ ಕೆಳಭಾಗವೂ ಕಾಣಲಿ. ಮೊದಲ ಮೂರು ದಿನ ದಿನಕ್ಕೊಮ್ಮೆ ಹಾಳೆ ಬದಲಿಸಿ, ಇಲ್ಲದಿದ್ದರೆ ಬೂಷ್ಟು. ನಮ್ಮ ಸೀಮೆಯ ತೊಡಕು ರಸಭರಿತ ಗಿಡಗಳದ್ದು. ಕಳ್ಳಿ, ಮಂಗರವಳ್ಳಿ, ಕ್ಯಾರಲುಮಗಳು ಒತ್ತಿದರೂ ಸಾಯುವುದಿಲ್ಲ, ಹಾಳೆಯೊಳಗೇ ಬೆಳೆಯುತ್ತ ಗಂಟುಗಂಟಾಗಿ ಉದುರುತ್ತವೆ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು, ದಪ್ಪ ಕಾಂಡವನ್ನು ಉದ್ದಕ್ಕೆ ಸೀಳಿ ಒತ್ತಿ. ಇಂಥವುಗಳ ಹೂವನ್ನು ಒತ್ತಿದರೆ ಎಲ್ಲವೂ ಹಾಳು. ಸೆರೋಪೀಜಿಯ, ಕ್ಯಾರಲುಮಗಳನ್ನು ಬೇರೆ ಬೇರೆ ಎಂದು ಹೇಳುವುದೇ ಹೂವಿನ ನಡುವಿನ ಕಿರೀಟದ ಆಕಾರ, ಅದು ಒಣಗಿದರೆ ಕರಿ ಚುಕ್ಕೆ. ಹಾಗಾಗಿ ನಾಲ್ಕೈದು ಹೂವನ್ನು ಶೀಶೆಯಲ್ಲಿ ಬೇರೆ ಇಡಿ: 70 ಶೇಕಡಾ ಎಥನಾಲ್ 90 ಮಿ.ಲೀ., ಫಾರ್ಮಲಿನ್ 5 ಮಿ.ಲೀ., ಗ್ಲೇಶಿಯಲ್ ಅಸೆಟಿಕ್ ಆಮ್ಲ 5 ಮಿ.ಲೀ. ಒಣಗಿದ ಹಾಳೆಗಳನ್ನು ಪಾಲಿಥೀನ್ ಚೀಲದಲ್ಲಿ ಮುಚ್ಚಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ಹುಳ ಸಾಯುತ್ತದೆ. ಹಿಂದೆ ಬಳಸುತ್ತಿದ್ದ ಪಾದರಸದ ಕ್ಲೋರೈಡ್ ವಿಷ, ಈಗ ಅದರ ಹತ್ತಿರ ಹೋಗಬೇಕಿಲ್ಲ. ಡಿಎನ್‌ಎಗೆ ಒಂದು ಎಳೆಯ ಎಲೆಯನ್ನು ಸಿಲಿಕಾ ಜೆಲ್‌ನಲ್ಲಿ ಹಾಕಿ ಒಣಗಿಸಿ.

ಅಳತೆ, ಎಣಿಕೆ

ಬಂಡೆ ಹಲ್ಲಿಯೊಂದನ್ನು ಸೂಕ್ಷ್ಮದರ್ಶಕದಡಿ ಮಗುಚಿ ಮಲಗಿಸಿ. ಹಿಂಗಾಲಿನ ತೊಡೆಯ ಕೆಳಗೆ ಒಂದು ಸಾಲು ಹುರುಪೆಗಳ ನಡುವೆ ಸಣ್ಣ ತೂತುಗಳು ಕಾಣುತ್ತವೆ, ಅದರಲ್ಲಿ ಮೇಣದಂಥ ಕಡ್ಡಿ ತುಂಬಿರುತ್ತದೆ. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು, ಎರಡೂ ಸಾಲಿನ ನಡುವೆ ತೂತಿಲ್ಲದ ಹುರುಪೆ ಎಷ್ಟು ಎಂದು ಮೂರು ಅಂಕಿ ಬರೆದುಕೊಳ್ಳಿ. ‘ಒಟ್ಟು 20’ ಎಂದು ಬರೆದರೆ ಮಾಹಿತಿ ಕಳೆದುಹೋಯಿತು. ಆಮೇಲೆ ನಾಲ್ಕನೇ ಬೆರಳಿನಡಿಯ ಪಟ್ಟಿಗಳು: ಅವುಗಳಲ್ಲಿ ನಡುವೆ ಸೀಳಿದ್ದು ಎಷ್ಟು, ಸೀಳದ್ದು ಎಷ್ಟು. ಬೆನ್ನಿನ ಮೇಲೆ ಉಬ್ಬಿದ ಗುಳ್ಳೆಗಳ ಸಾಲು ಎಷ್ಟು, ಆ ಗುಳ್ಳೆ ಉರುಟೋ, ಏಣುಳ್ಳದ್ದೋ. ಮೂತಿಯಿಂದ ಗುದದ್ವಾರದವರೆಗಿನ ಉದ್ದವೇ ಮೂಲ ಅಳತೆ. ಬಾಲದ ಉದ್ದ ಹೇಳುವಾಗ ಅದು ಮೂಲ ಬಾಲವೋ ಮತ್ತೆ ಬೆಳೆದದ್ದೋ ಎಂದು ಸೇರಿಸಿ.

ಡಿಜಿಟಲ್ ಕ್ಯಾಲಿಪರ್‌ನಲ್ಲಿ 0.1 ಮಿ.ಮೀ.ವರೆಗೆ ಸಾಕು. ಎಲ್ಲ ಮಾದರಿಗಳನ್ನೂ ಒಬ್ಬರೇ ಅಳೆಯಲಿ, ಪ್ರತಿ ಅಳತೆ ಮೂರು ಸಲ ಆಗಲಿ. ಇಬ್ಬರು ಹಂಚಿಕೊಂಡು ಅಳೆದಾಗ ಎರಡು ಪ್ರಭೇದಗಳ ನಡುವಿನ ವ್ಯತ್ಯಾಸ ಎಂದು ಕಂಡದ್ದು ಎಷ್ಟೋ ಸಲ ಇಬ್ಬರ ಕೈಗಳ ನಡುವಿನ ವ್ಯತ್ಯಾಸ. ಗಿಡಗಳಲ್ಲಿ ಎಲೆಯ ಉದ್ದಗಲಕ್ಕೆ ಹೆಚ್ಚು ಬೆಲೆ ಕೊಡಬೇಡಿ. ನೆರಳು, ನೀರು, ಮೇಕೆ ಬಾಯಿ, ಮೂರೂ ಎಲೆಯನ್ನು ಬದಲಿಸುತ್ತವೆ. ಹೂ, ಕಾಯಿ, ಬೀಜ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಹಳೆಯ ಹೆಸರುಗಳ ಜೊತೆ ತಾಳೆ

ಇಲ್ಲಿ ಸೋತ ಲೇಖನಗಳೇ ಹೆಚ್ಚು. ಮೊದಲು ಆ ಕುಲದಲ್ಲಿ (ಹತ್ತಿರದ ಪ್ರಭೇದಗಳ ಗುಂಪಿನಲ್ಲಿ) ಭಾರತ, ಶ್ರೀಲಂಕಾ, ಸುತ್ತಮುತ್ತ ಇರುವ ಎಲ್ಲ ಹೆಸರುಗಳ ಪಟ್ಟಿ ಮಾಡಿ. ಸರೀಸೃಪಗಳಿಗೆ ರೆಪ್ಟೈಲ್ ಡೇಟಾಬೇಸ್, ಜೇಡಗಳಿಗೆ ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್, ಗಿಡಗಳಿಗೆ ಐಪಿಎನ್‌ಐ (ಸಸ್ಯನಾಮಗಳ ಅಂತರರಾಷ್ಟ್ರೀಯ ಸೂಚಿ) ಮತ್ತು ಲಂಡನ್ನಿನ ಕ್ಯೂ ಉದ್ಯಾನದ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್ ಇವೆ. ಹಳೆಯ ಲೇಖನಗಳಿಗೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ, ಉಚಿತ. ಪಟ್ಟಿಯಲ್ಲಿ ಈಗ ಬಳಕೆಯಲ್ಲಿರುವ ಹೆಸರುಗಳಷ್ಟೇ ಅಲ್ಲ, ಬೇರೆಯದರಲ್ಲಿ ಸೇರಿಹೋದ ಸಮಾನಾರ್ಥಕ ಹೆಸರುಗಳೂ ಇರಬೇಕು. ನಿಮ್ಮ ‘ಹೊಸ’ ಜೀವಿಗೆ ಅವುಗಳಲ್ಲೊಂದು ಹೆಸರು ಆಗಲೇ ಸಲ್ಲಬಹುದು. ಆಗ ಹಳೆಯ ಹೆಸರೇ ಜೀವ ಪಡೆಯುತ್ತದೆ, ನಿಮ್ಮದು ಬೀಳುತ್ತದೆ. ಆದ್ಯತೆಯ ಲೆಕ್ಕ ಪ್ರಾಣಿಗಳಿಗೆ 1758ರಿಂದ, ಗಿಡಗಳಿಗೆ 1753ರಿಂದ.

ಗಿಡಗಳ ಹಳೆಯ ಸಾಹಿತ್ಯ ಹುಡುಕುವಾಗ ಈ ಸೀಮೆಯ ಇತಿಹಾಸ ಅಡ್ಡ ಬರುತ್ತದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಅದು ಗ್ಯಾಂಬಲ್ ಅವರ ಮದ್ರಾಸ್ ಪ್ರಾಂತ್ಯದ ಸಸ್ಯಸಂಪುಟಗಳ ವ್ಯಾಪ್ತಿಗೆ ಬರುತ್ತದೆ. ರಾಯಚೂರು, ಕೊಪ್ಪಳ ನಿಜಾಮರ ರಾಜ್ಯದಲ್ಲಿದ್ದವು, ಆ ಸಂಪುಟಗಳ ಗಡಿಯ ಆಚೆ. ಪಕ್ಕದ ಧಾರವಾಡ ಕಡೆಗೆ ಕುಕ್ ಅವರ ಮುಂಬೈ ಪ್ರಾಂತ್ಯದ ಸಂಪುಟ. ಎರಡನ್ನೂ, ಜೊತೆಗೆ ಹೂಕರ್ ಅವರ ಬ್ರಿಟಿಷ್ ಇಂಡಿಯಾ ಸಂಪುಟಗಳನ್ನೂ ತೆರೆದಿಟ್ಟುಕೊಳ್ಳಬೇಕು. ತುಂಗಭದ್ರೆಯ ಆಚೆ ದಡದ ಗಿಡ ಈಚೆ ದಡದ ಪುಸ್ತಕದಲ್ಲಿ ಇಲ್ಲ ಎಂದಮಾತ್ರಕ್ಕೆ ಅದು ಹೊಸದಲ್ಲ.

ಹಳೆಯ ಮಾದರಿಯ ಚೀಟಿ ಓದುವುದಕ್ಕೂ ಇದೇ ಎಚ್ಚರ. 1953ಕ್ಕೆ ಮೊದಲಿನ ‘ಬಳ್ಳಾರಿ ಜಿಲ್ಲೆ’ಯಲ್ಲಿ ಆದೋನಿ, ಆಲೂರು, ರಾಯದುರ್ಗ ಇದ್ದವು, ಅವು ಈಗ ಆಂಧ್ರದಲ್ಲಿವೆ. 1956ಕ್ಕೆ ಮೊದಲಿನ ‘ರಾಯಚೂರು ಜಿಲ್ಲೆ’ಯಲ್ಲಿದ್ದ ಗದ್ವಾಲ, ಆಲಂಪುರ ಈಗ ತೆಲಂಗಾಣದಲ್ಲಿವೆ. ಕೊಪ್ಪಳ 1997ರವರೆಗೆ ರಾಯಚೂರೇ. ಹೊಸಪೇಟೆ 2021ರವರೆಗೆ ಬಳ್ಳಾರಿ, ಈಗ ವಿಜಯನಗರ. ಕಾರಟಗಿ, ಕನಕಗಿರಿ, ಕುಕನೂರು, ಮಸ್ಕಿ, ಸಿರವಾರ ಈಚೆಗಷ್ಟೇ ತಾಲ್ಲೂಕುಗಳಾಗಿದ್ದು. ‘ಬಳ್ಳಾರಿಯಲ್ಲಿ ಸಿಕ್ಕಿತ್ತು’ ಎಂದು ನಂಬಿ ಜಿಲ್ಲೆಯ ಗುಡ್ಡವನ್ನೆಲ್ಲ ಜಾಲಾಡುವ ಮೊದಲು ಚೀಟಿಯ ತಾರೀಖು ನೋಡಿ.

ಹೆಸರಿನ ಮೂಲ ನೆಲೆ ಎಲ್ಲಿದೆಯೋ ಅಲ್ಲಿನ ಮಾದರಿಗಳ ಜೊತೆಗೇ ಹೋಲಿಕೆ ಆಗಬೇಕು. ಬೀಸಣಿಗೆ ಗಂಟಲಿನ ಓತಿಗಳ ಕಥೆ ಇದಕ್ಕೆ ಒಳ್ಳೆಯ ಪಾಠ. ದೇಶದ ಉದ್ದಗಲಕ್ಕೂ ಅವುಗಳಲ್ಲಿ ಹೆಚ್ಚಿನವನ್ನು ಸಿಟಾನ ಪಾಂಟಿಸೀರಿಯಾನ ಎಂದೇ ಬರೆಯುತ್ತಿದ್ದರು. ಅದು ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕುವಿಯರ್ 1829ರಲ್ಲಿ ಪಾಂಡಿಚೇರಿಯ ಓತಿಗೆ ಇಟ್ಟ ಹೆಸರು. ಬೇರೆ ಬೇರೆ ಕಡೆಯ ಓತಿಗಳನ್ನು ಒಟ್ಟಿಗೆ ಇಟ್ಟು ನೋಡಿದ ತಂಡ 2016ರಲ್ಲಿ ಸರಡ ಎಂಬ ಹೊಸ ಕುಲವನ್ನೂ ಐದು ಹೊಸ ಪ್ರಭೇದಗಳನ್ನೂ ವಿವರಿಸಿತು. ಪಾಂಡಿಚೇರಿಯ ಓತಿ ಯಾವುದು ಎಂದು ಖಚಿತವಾಗದೆ ಉಳಿದವು ಅದಲ್ಲ ಎಂದು ಹೇಳಲು ಬರುತ್ತಿರಲಿಲ್ಲ.

ಟೈಪ್ ಮಾದರಿಗಳು, ಅಂದರೆ ಹೆಸರುಗಳಿಗೆ ಆಧಾರವಾದ ಮಾದರಿಗಳು, ಕೋಲ್ಕತ್ತದ ಪ್ರಾಣಿ ಸರ್ವೇಕ್ಷಣಾಲಯ, ಮುಂಬೈನ ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ), ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಗಿಡಗಳಾದರೆ ಹೌರಾದ ಕೇಂದ್ರ ಹರ್ಬೇರಿಯಂ, ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂ, ಕ್ಯೂ ಇಂಥ ಕಡೆ ಹಂಚಿಹೋಗಿವೆ. ಕ್ಯುರೇಟರ್‌ಗೆ ಬರೆಯುವಾಗ ಮಾದರಿಯ ಸಂಖ್ಯೆ, ಯಾವ ಭಾಗದ ಫೋಟೊ ಬೇಕು, ಯಾವ ಎಣಿಕೆ ಬೇಕು ಎಂದು ಸ್ಪಷ್ಟವಾಗಿ ಕೇಳಿ. ‘ನಿಮ್ಮಲ್ಲಿರುವ ಎಲ್ಲ ಹಲ್ಲಿಗಳ ಫೋಟೊ ಕಳಿಸಿ’ ಎಂಬ ಪತ್ರಕ್ಕೆ ಉತ್ತರ ಬರುವುದಿಲ್ಲ.

ಡಿಎನ್‌ಎ ಎಷ್ಟು ಹೇಳುತ್ತದೆ

ಪ್ರಾಣಿಗಳಿಗೆ ಸಿಒಐ ಜೀನಿನ ಸುಮಾರು 650 ಅಕ್ಷರದ ತುಣುಕು, ಹಲ್ಲಿಗಳಿಗೆ ಎನ್‌ಡಿ2, ಕಪ್ಪೆಗಳಿಗೆ 16ಎಸ್, ಗಿಡಗಳಿಗೆ ಐಟಿಎಸ್, ಮ್ಯಾಟ್‌ಕೆ, ಆರ್‌ಬಿಸಿಎಲ್ ಎಂಬ ಡಿಎನ್‌ಎ ಭಾಗಗಳು ಸಾಮಾನ್ಯವಾಗಿ ಬಳಕೆಯಲ್ಲಿವೆ. ಇಷ್ಟು ಶೇಕಡಾ ವ್ಯತ್ಯಾಸವಿದ್ದರೆ ಹೊಸ ಪ್ರಭೇದ ಎಂಬ ಗಡಿ ಅಂಕಿ ಎಲ್ಲ ಜೀವಿಗಳಿಗೂ ಒಂದೇ ಇಲ್ಲ. ಆ ಕುಲದಲ್ಲಿ ಒಪ್ಪಿತ ಪ್ರಭೇದಗಳ ನಡುವೆ ಎಷ್ಟಿದೆ, ಒಂದೇ ಪ್ರಭೇದದ ಒಳಗೆ ಎಷ್ಟಿದೆ ಎಂದು ಎರಡನ್ನೂ ತೋರಿಸಿ. ಡಿಎನ್‌ಎ ಅನುಕ್ರಮಗಳ ಸಾರ್ವಜನಿಕ ಸಂಗ್ರಹವಾದ ಜೆನ್‌ಬ್ಯಾಂಕಿನಲ್ಲಿ ತಪ್ಪು ಹೆಸರಿನ ಅನುಕ್ರಮಗಳು ಬೇಕಾದಷ್ಟಿವೆ. ಮಾದರಿ ಸಂಖ್ಯೆ ಇಲ್ಲದವನ್ನು ಆಧಾರ ಮಾಡಬೇಡಿ. ಡಿಎನ್‌ಎ ಬೇರೆ, ಮೈಯಲ್ಲಿ ಒಂದೂ ವ್ಯತ್ಯಾಸವಿಲ್ಲ ಎಂದಾದರೆ ಇನ್ನಷ್ಟು ಮಾದರಿ ನೋಡುವುದು ಜಾಣತನ. ಮಾದರಿಯನ್ನೋ ಡಿಎನ್‌ಎಯನ್ನೋ ವಿದೇಶಕ್ಕೆ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮ ನೋಡಿಕೊಳ್ಳದೆ ಅಂಚೆಗೆ ಹಾಕಬೇಡಿ.

ಹೆಸರು

ಪ್ರಭೇದದ ಹೆಸರು ಲ್ಯಾಟಿನ್ ವ್ಯಾಕರಣ ಪಾಲಿಸಬೇಕು, ಲ್ಯಾಟಿನ್ ಅಕ್ಷರದಲ್ಲೇ ಇರಬೇಕು, ಚುಕ್ಕೆ ಗೆರೆಗಳ ಗುರುತು ಬೇಡ. ಊರಿನ ಹೆಸರಾದರೆ ಕುಲದ ಲಿಂಗಕ್ಕೆ ಹೊಂದಬೇಕು. ಹೆಮಿಡ್ಯಾಕ್ಟಿಲಸ್ ಪುಲ್ಲಿಂಗ, ಸೆರೋಪೀಜಿಯ ಸ್ತ್ರೀಲಿಂಗ: ಎರಡಕ್ಕೂ ‘ಕೊಪ್ಪಲೆನ್ಸಿಸ್’ ಸರಿ. ಬ್ರಾಕಿಸ್ಟೆಲ್ಮ ನಪುಂಸಕ ಲಿಂಗ, ಅಲ್ಲಿ ‘ಕೊಪ್ಪಲೆನ್ಸೆ’ ಆಗಬೇಕು. ವ್ಯಕ್ತಿಯ ಹೆಸರಾದರೆ ಗಂಡಸಿಗೆ ‘ಐ’ (i), ಹೆಂಗಸಿಗೆ ‘ಏ’ (ae) ಎಂಬ ಅಂತ್ಯ; ಗಿಡಗಳಲ್ಲಿ ಗಂಡಸಿನ ಹೆಚ್ಚಿನ ವ್ಯಂಜನಾಂತ ಹೆಸರುಗಳಿಗೆ ‘ಐ’ ಎರಡು ಸಲ (ii). ತನ್ನ ಹೆಸರನ್ನೇ ತಾನಿಟ್ಟುಕೊಳ್ಳುವುದನ್ನು ನಿಯಮ ತಡೆಯುವುದಿಲ್ಲ, ಆದರೆ ಜನ ನಗುತ್ತಾರೆ. ಕುಲ ಮತ್ತು ಪ್ರಭೇದಕ್ಕೆ ಒಂದೇ ಪದ ಪ್ರಾಣಿಗಳಲ್ಲಿ ನಡೆಯುತ್ತದೆ, ಗಿಡಗಳಲ್ಲಿ ನಡೆಯುವುದಿಲ್ಲ. ಒಂದೇ ಗುಡ್ಡಕ್ಕೆ ಸೀಮಿತ ಎಂದು ಈಗ ಕಾಣುವ ಜೀವಿಗೆ ಜಿಲ್ಲೆಯ ಹೆಸರಿಡುವಾಗ ಒಮ್ಮೆ ಯೋಚಿಸಿ. ಜಿಲ್ಲೆಯ ಗಡಿ ಬದಲಾದರೂ ಹೆಸರು ಬದಲಾಗುವುದಿಲ್ಲ.

ಕುಲ ಯಾವುದು ಎಂಬ ಪ್ರಶ್ನೆ ಹೆಸರಿಗಿಂತ ದೊಡ್ಡದು. ಹೊಸ ಕುಲ ಮಾಡುವ ಆಸೆ ಬಂದರೆ ಹತ್ತಿರದ ಕುಲಗಳ ವಂಶವೃಕ್ಷ ಪೂರ್ತಿ ಕೈಯಲ್ಲಿರಬೇಕು, ಇಲ್ಲದಿದ್ದರೆ ಇರುವ ಕುಲದಲ್ಲೇ ಇಡಿ.

ಬರೆಯುವ ಕ್ರಮ

ಲೇಖನದಲ್ಲಿ ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಘೋಷಿಸಬೇಕು. ಹೋಲೋಟೈಪ್ ಯಾವುದು, ಅದರ ಸಂಖ್ಯೆ, ಅದು ಯಾವ ಸಂಸ್ಥೆಯಲ್ಲಿದೆ ಎಂದು ಹೇಳಬೇಕು. ಘೋಷಣೆ, ಹೋಲೋಟೈಪ್, ಸಂಸ್ಥೆ ಈ ಮೂರರಲ್ಲಿ ಒಂದು ತಪ್ಪಿದರೂ ಹೆಸರು ನಿಲ್ಲದಿರಬಹುದು. ಸಂಸ್ಥೆ ಎಂದರೆ ಶಾಶ್ವತ ಸಂಗ್ರಹ. ಕಾಲೇಜಿನ ಬೀರು, ಮನೆಯ ಕಪಾಟು ಅಲ್ಲ. ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸ ಪ್ರಭೇದ ಕಂಡವರು ಅದನ್ನು ನಿಗದಿತ ಭಂಡಾರಕ್ಕೆ ತಿಳಿಸಿ ಮಾದರಿ ಅಲ್ಲಿಡಬೇಕು. ಪ್ರಾಣಿ ಸರ್ವೇಕ್ಷಣಾಲಯ, ಸಸ್ಯ ಸರ್ವೇಕ್ಷಣಾಲಯ, ಕೀಟಗಳಿಗೆ ಬೆಂಗಳೂರಿನ ಎನ್‌ಬಿಎಐಆರ್ (ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ) ಇಂಥ ಭಂಡಾರಗಳು.

ವ್ಯತ್ಯಾಸ ನಿರೂಪಣೆ ಮತ್ತು ವಿವರಣೆ ಎರಡೂ ಒಂದೇ ಎಂದು ತಿಳಿದವರು ಬಹಳ. ವಿವರಣೆಯಲ್ಲಿ ಪ್ರಾಣಿಯ ಇಡೀ ಮೈ ಬರುತ್ತದೆ. ವ್ಯತ್ಯಾಸ ನಿರೂಪಣೆಯಲ್ಲಿ ಬೇರೆಯದರಿಂದ ಬೇರ್ಪಡಿಸುವ ಲಕ್ಷಣ ಮಾತ್ರ, ಅದೂ ಎರಡೂ ಕಡೆಯ ಅಂಕಿ ಸಮೇತ. ‘ಕಂದು ಬಣ್ಣ, ಉದ್ದ ಬಾಲ, ಬಂಡೆಯಲ್ಲಿ ವಾಸ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಗಂಡಿನ ಪ್ರತಿ ತೊಡೆಯಲ್ಲಿ 9–11 ರಂಧ್ರ, ನಡುವೆ ರಂಧ್ರವಿಲ್ಲದ 4 ಹುರುಪೆ, ಹತ್ತಿರದ ಪ್ರಭೇದದಲ್ಲಿ 14–17 ರಂಧ್ರ, ನಡುವೆ 1–2’ ಎಂಬ ರೀತಿ ಇರಲಿ. ಹತ್ತಿರದ ಒಂದು ಪ್ರಭೇದದ ಜೊತೆ ಮಾತ್ರ ಹೋಲಿಸಿ ನಿಲ್ಲಿಸಬೇಡಿ, ಮೊದಲು ಮಾಡಿದ ಪಟ್ಟಿಯ ಪ್ರತಿ ಹೆಸರಿಗೂ ಒಂದು ವಾಕ್ಯ ಸಿಗಲಿ. ಆಮೇಲೆ ಪ್ಯಾರಾಟೈಪ್‌ಗಳಲ್ಲಿನ (ಹೋಲೋಟೈಪ್ ಜೊತೆ ಲೇಖನದಲ್ಲಿ ಸೂಚಿಸುವ ಉಳಿದ ಮಾದರಿಗಳಲ್ಲಿನ) ವ್ಯತ್ಯಾಸ, ಹೆಸರಿನ ಅರ್ಥ, ನೆಲೆ, ಜೀವನಕ್ರಮ, ನಕ್ಷೆ, ಗುರುತಿನ ಕೀಲಿ (ಲಕ್ಷಣ ನೋಡುತ್ತ ಹೋಗಿ ಪ್ರಭೇದ ಗುರುತಿಸುವ ಪಟ್ಟಿ).

ಗಿಡಗಳಿಗೆ 2012ರಿಂದ ವ್ಯತ್ಯಾಸ ನಿರೂಪಣೆ ಅಥವಾ ವಿವರಣೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿರಬೇಕು. ಪ್ರಾಣಿಗಳ ಲೇಖನ ಬರಿ ಆನ್‌ಲೈನ್‌ನಲ್ಲಿ ಬರುವುದಾದರೆ, ಪ್ರಕಟವಾಗುವ ಮೊದಲೇ ಪ್ರಾಣಿಗಳ ಹೆಸರಿನ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ ಆ ನೋಂದಣಿಯನ್ನು ಲೇಖನದೊಳಗೆ ತೋರಿಸಬೇಕು. ಶಿಲೀಂಧ್ರಗಳಿಗೂ ನೋಂದಣಿ ಕಡ್ಡಾಯ. ಝೂಟ್ಯಾಕ್ಸ, ಝೂಕೀಸ್, ಫೈಟೋಟ್ಯಾಕ್ಸ, ರೀಡಿಯ, ಜರ್ನಲ್ ಆಫ್ ಥ್ರೆಟೆನ್ಡ್ ಟ್ಯಾಕ್ಸ ಇಂಥ ವಿಮರ್ಶಕರಿರುವ ಪತ್ರಿಕೆಗೆ ಕಳಿಸಿ. ಒಂದೇ ವಾರದಲ್ಲಿ ಒಪ್ಪಿ ಹಣ ಕೇಳುವ ಪತ್ರಿಕೆಯ ಕಡೆ ನೋಡಬೇಡಿ.

ಪ್ರಕಟವಾಗುವ ತನಕ ಹೆಸರನ್ನು ದಿನಪತ್ರಿಕೆಗೆ, ವಾಟ್ಸ್ಆ್ಯಪ್‌ಗೆ, ಸನ್ಮಾನದ ಬ್ಯಾನರಿಗೆ ಕೊಡಬೇಡಿ. ವಿವರಣೆಯಿಲ್ಲದೆ ಹೊರಬಿದ್ದ ಹೆಸರಿಗೆ ಮಾನ್ಯತೆ ಇಲ್ಲ, ಬೇರೆಯವರು ಅದೇ ಜೀವಿಗೆ ಮೊದಲು ಹೆಸರಿಟ್ಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಪ್ರಕಟವಾದ ಮೇಲೂ ಒಂದು ವಿಷಯದಲ್ಲಿ ಬಾಯಿ ಬಿಗಿ ಇರಲಿ. ಅಂದದ ಓತಿ, ಅಪರೂಪದ ಸೆರೋಪೀಜಿಯ ಆದರೆ ಸಾಕುವವರು, ಮಾರುವವರು ಲೇಖನದ ಅಕ್ಷಾಂಶ ಹಿಡಿದು ಬರುತ್ತಾರೆ. ಅಂಥವಕ್ಕೆ ಮುದ್ರಿತ ಲೇಖನದಲ್ಲಿ ದಶಮಾಂಶದ ಎರಡೇ ಅಂಕಿ ಕೊಟ್ಟು, ಐದು ಅಂಕಿಯ ಪೂರ್ತಿ ಮಾಹಿತಿಯನ್ನು ಮಾದರಿಯ ಚೀಟಿಯಲ್ಲಿ ಮತ್ತು ಅರಣ್ಯ ಇಲಾಖೆಗೆ ಸಲ್ಲಿಸುವ ವರದಿಯಲ್ಲಿ ಇಡಿ.